ರಾಸುಗಳಲ್ಲಿ ಗುದನಾಳ ಹೊರಬೀಳುವ ವ್ಯಾಧಿಯೂ ಅದರ ಶಸ್ತ್ರಚಿಕಿತ್ಸೆಯೂ

ಬೆಂಗಳೂರಿನ ಹೊರವಲಯದ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ

1. ಪೀಠಿಕೆ

ಬೆಂಗಳೂರಿನ ಸುತ್ತಲಿನ ಗ್ರಾಮಗಳಲ್ಲಿ ರಾಸುಗಳನ್ನು ಸಾಕುವ ರೀತಿಯು ಬಹಳವಾಗಿ ಮಾರ್ಪಟ್ಟಿದೆ. ವೈಟ್‌ಫೀಲ್ಡ್ ಎಂಬ ಊರು 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಶ್ರೀ ಚಾಮರಾಜೇಂದ್ರ ಒಡೆಯರವರು ಕೊಟ್ಟ ಭೂಮಿಯಲ್ಲಿ ಬೇಸಾಯದ ವಸಾಹತಾಗಿ ಹುಟ್ಟಿದ್ದು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯು ಆರಂಭವಾಯಿತು. ಪೀಣ್ಯದ ಕಡೆಯಲ್ಲಿಯೂ ಹೊಲಗಳಿದ್ದೆಡೆ ಕಾರ್ಖಾನೆಗಳು ಎದ್ದವು. ಗೋಮಾಳಗಳು ಕಡಿಮೆಯಾದವು. ಹಿಂದೆ ಬೆಳಿಗ್ಗೆ ಹೊರಟು ಸಂಜೆಗೆ ಮೇದು ಬರುತ್ತಿದ್ದ ಹಳ್ಳಿಕಾರ್ ರಾಸುಗಳ ಸ್ಥಳದಲ್ಲಿ ಈಗ ಸೀಮೆತಳಿಯ ಮಿಶ್ರ ಹಸುಗಳು ಸಿಮೆಂಟಿನ ನೆಲದ ಕೊಟ್ಟಿಗೆಯಲ್ಲಿ ಹಗಲಿರುಳು ಕಟ್ಟಿದಲ್ಲಿಯೇ ನಿಂತಿರುತ್ತವೆ.

ಆದರೂ ಆನೇಕಲ್ಲು, ಸರ್ಜಾಪುರ, ವರ್ತೂರು, ಹೊಸಕೋಟೆ, ನೆಲಮಂಗಲಗಳ ಕಡೆಯ ಅನೇಕ ಕುಟುಂಬಗಳು ಇಂದಿಗೂ ಹಾಲಿನ ಹಣದಿಂದಲೇ ಮಕ್ಕಳ ಓದನ್ನೂ ಮನೆಯ ಖರ್ಚನ್ನೂ ತೂಗಿಸುತ್ತಿವೆ. ಭೂಮಿಯು ಒಂದೆರಡು ಎಕರೆಗೆ ಇಳಿದಿರುವ ಮನೆಯಲ್ಲಿ ಒಂದು ಕರೆಯುವ ಹಸು ಸತ್ತರೆ ಅದು ಒಂದು ವರ್ಷದ ಬೆಳೆ ಹೋದುದಕ್ಕಿಂತ ಕಡಿಮೆ ನಷ್ಟವಲ್ಲ. ಹೀಗಿರುವಲ್ಲಿ, ಸಕಾಲದಲ್ಲಿ ಕೈಹಾಕಿದರೆ ಬಹುಮಟ್ಟಿಗೆ ವಾಸಿಯಾಗತಕ್ಕ, ತಡಮಾಡಿದರೆ ಪ್ರಾಣಕ್ಕೇ ಬರತಕ್ಕ ಒಂದು ವ್ಯಾಧಿಯ ವಿಷಯವನ್ನು ಈ ಕರಪತ್ರದಲ್ಲಿ ತಿಳಿಸಲಾಗಿದೆ. ಅದೇ ಗುದನಾಳವು ಹೊರಬೀಳುವ ವ್ಯಾಧಿ. ಶಸ್ತ್ರಚಿಕಿತ್ಸೆಯು ಪಶುವೈದ್ಯರ ಕೆಲಸವೇ ಹೊರತು ರೈತರ ಕೆಲಸವಲ್ಲ. ಆದರೆ ವೈದ್ಯರು ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದು ರೈತರಿಗೆ ತಿಳಿದಿದ್ದರೆ ಕತ್ತಿಯ ಭಯವು ಹೋಗಿ, ವೈದ್ಯರನ್ನು ಬೇಗನೆ ಕರೆಯುವ ಧೈರ್ಯವು ಬರುತ್ತದೆ.

2. ಎರಡು ಕರುಗಳ ವೃತ್ತಾಂತ

ವರ್ತೂರಿನ ಕಡೆಯ ಒಂದು ಗ್ರಾಮದಲ್ಲಿ ಒಂದೇ ಮಳೆಗಾಲದಲ್ಲಿ ನಡೆದ ಎರಡು ಸಂಗತಿಗಳನ್ನು ಮೊದಲು ಹೇಳುವುದು ಉಚಿತವಾಗಿದೆ. ಒಬ್ಬ ರೈತರ ಐದು ತಿಂಗಳ ಹೆಣ್ಣುಕರುವಿಗೆ ರಕ್ತಮಿಶ್ರವಾದ ಭೇದಿಯಾಗುತ್ತಿತ್ತು. ನಾಲ್ಕನೆಯ ದಿನ ಅದು ತಿಣುಕಿ ತಿಣುಕಿ, ಬಾಲದ ಕೆಳಗೆ ಬದನೆಕಾಯಿಯಷ್ಟು ದಪ್ಪನಾದ ಕೆಂಪು ಗೆಡ್ಡೆಯೊಂದು ಹೊರಬಂದಿತು. ಆ ಸಂಜೆ ಈ ಲೇಖಕನು ಬೀಜದ ವಿಚಾರವಾಗಿ ಅದೇ ಮನೆಗೆ ಹೋಗಿದ್ದನು. ಕತ್ತಲಾಗುತ್ತಿದೆ, ಬೆಳಿಗ್ಗೆ ವೈದ್ಯರಿಗೆ ಹೇಳಿಕಳುಹಿಸೋಣ ಎಂದು ಹೇಳಿ ಹೊರಟುಬಂದನು. ಬೆಳಿಗ್ಗೆ ನೆರೆಯವರೊಬ್ಬರು ಬೂದಿ ಹಚ್ಚಿದರೆ ಒಣಗಿ ಒಳಗೆ ಹೋಗುವುದೆಂದರು. ಬೂದಿ ಹಚ್ಚಿದರು. ಮಧ್ಯಾಹ್ನ ಕಾಗೆ ಕುಕ್ಕಿತು. ವೈದ್ಯರು ಬರುವ ಹೊತ್ತಿಗೆ ಎರಡು ದಿನಗಳಾಗಿ ಗೆಡ್ಡೆಯು ಕಪ್ಪಾಗಿತ್ತು. ಸತ್ತ ಭಾಗವನ್ನು ಕತ್ತರಿಸಿ ತೆಗೆಯುವುದರ ಹೊರತು ಬೇರೆ ಮಾರ್ಗವಿರಲಿಲ್ಲ. ವೈದ್ಯರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಆದರೆ ನಂಜು ಹೊಟ್ಟೆಯೊಳಕ್ಕೆ ಇಳಿದಿದ್ದುದರಿಂದ ಕರುವು ನಾಲ್ಕನೆಯ ದಿನ ಸತ್ತಿತು.

ಒಂದು ತಿಂಗಳಾದ ಮೇಲೆ ಎದುರುಮನೆಯ ಕಡಸಿಗೂ ಹಾಗೆಯೇ ಆಯಿತು. ಹಿಂದಿನದನ್ನು ಕಣ್ಣಾರೆ ಕಂಡಿದ್ದ ಆ ಮನೆಯ ಯಜಮಾನಿಯು ಒಗೆದ ಹಳೆಯ ಪಂಚೆಯನ್ನು ಉಪ್ಪುನೀರಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿ, ಮಗನನ್ನು ಕಾವಲಿಗೆ ನಿಲ್ಲಿಸಿ, ಆ ಗಳಿಗೆಯಲ್ಲಿಯೇ ವೈದ್ಯರಿಗೆ ಫೋನು ಮಾಡಿದರು. ವೈದ್ಯರು ಬಂದು ಅರ್ಧ ಗಂಟೆಯೊಳಗೆ ಅದನ್ನು ಒಳಕ್ಕೆ ಸೇರಿಸಿ ಒಂದೇ ಒಂದು ಹೊಲಿಗೆಯನ್ನು ಹಾಕಿದರು. ಆ ಕಡಸು ಈಗ ಕರು ಹಾಕಿ ಹಾಲು ಕೊಡುತ್ತಿದೆ.

ಎರಡೂ ಪ್ರಾಣಿಗಳಿಗೆ ಇದ್ದ ವ್ಯಾಧಿಯು ಒಂದೇ. ವ್ಯತ್ಯಾಸವಿದ್ದುದು ಕಳೆದ ಗಂಟೆಗಳಲ್ಲಿ ಮಾತ್ರ. "ಬೆಳಿಗ್ಗೆ ನೋಡೋಣ" ಎಂಬ ಈ ಲೇಖಕನ ಮಾತು ಆ ಮೊದಲನೆಯ ಕರುವಿಗೆ ಕೇಡಾಯಿತು. ಬೇರೆಯವರು ಅದೇ ಮಾತನ್ನು ಆಡದಿರಲೆಂದೇ ಇದನ್ನು ಬರೆದಿದೆ.

3. ವ್ಯಾಧಿಯ ಸ್ವರೂಪ

ದೊಡ್ಡಕರುಳಿನ ಕೊನೆಯ ಭಾಗಕ್ಕೆ ಗುದನಾಳವೆಂದು ಹೆಸರು. ಅದರ ಒಳಮೈಯಲ್ಲಿ ಮೃದುವಾದ, ತೇವವಾದ, ಗುಲಾಬಿ ಬಣ್ಣದ ಪೊರೆಯೊಂದಿರುತ್ತದೆ. ಹೊರಗೆ ಮಾಂಸದ ಪದರವಿರುತ್ತದೆ. ಪ್ರಾಣಿಯು ಬಹಳ ಹೊತ್ತು ತಿಣುಕಿದಾಗ, ಅಂಗಿಯ ತೋಳನ್ನು ಒಳಗಿನಿಂದ ಹಿಡಿದು ಹೊರಕ್ಕೆ ತಿರುವಿದಂತೆ, ಈ ನಾಳವು ಮಗುಚಿಕೊಂಡು ಗುದದ್ವಾರದಿಂದ ಹೊರಬರುತ್ತದೆ. ಒಳಪೊರೆಯು ಮಾತ್ರ ಹೊರಬಂದರೆ ಸಣ್ಣ ಕೆಂಪು ಉಂಗುರದಂತೆ ಕಾಣುತ್ತದೆ. ಇಡೀ ನಾಳವೇ ಬಂದರೆ ಉದ್ದವಾದ ಉರುಳೆಯಂತೆ ತೋರುತ್ತದೆ.

ಹೊರಬಂದ ಭಾಗದ ಬುಡವನ್ನು ಗುದದ ಸ್ನಾಯುವು ದಾರ ಬಿಗಿದಂತೆ ಹಿಡಿದುಕೊಳ್ಳುತ್ತದೆ. ರಕ್ತವು ಒಳಕ್ಕೆ ಬರುತ್ತದೆ, ಆದರೆ ಹಿಂದಿರುಗಿ ಹೋಗಲಾರದು. ಆದ್ದರಿಂದ ಗೆಡ್ಡೆಯು ಊದಿಕೊಳ್ಳುತ್ತದೆ. ಊದಿದಷ್ಟೂ ಬಿಗಿತವು ಹೆಚ್ಚುತ್ತದೆ. ಬಿಗಿತವು ಹೆಚ್ಚಿದಷ್ಟೂ ಪ್ರಾಣಿಗೆ ಇನ್ನೂ ಸಗಣಿ ಬರುವುದಿದೆಯೆಂಬ ಭ್ರಾಂತಿಯುಂಟಾಗಿ ಮತ್ತಷ್ಟು ತಿಣುಕುತ್ತದೆ. ಮೊದಲು ಗುಲಾಬಿಯಾಗಿದ್ದುದು ಕಡುಗೆಂಪಾಗಿ, ಬಳಿಕ ನೀಲಿಯಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾದ ಭಾಗವು ಸತ್ತ ಭಾಗವೆಂದು ತಿಳಿಯತಕ್ಕದ್ದು.

4. ಯಾವ ದ್ವಾರದಿಂದ ಬಂದಿದೆಯೆಂದು ನೋಡತಕ್ಕದ್ದು

ಹೆಣ್ಣುರಾಸುಗಳಲ್ಲಿ ಬಾಲದ ಬುಡಕ್ಕೆ ಹತ್ತಿರವಾಗಿ ಮೇಲಿರುವುದು ಗುದದ್ವಾರ. ಅದರ ಕೆಳಗಿರುವುದು ಯೋನಿದ್ವಾರ. ಮೇಲಿನಿಂದ ಹೊರಬಂದಿದ್ದರೆ ಅದು ಗುದನಾಳ. ಕೆಳಗಿನಿಂದ ಬಂದಿದ್ದರೆ ಅದು ಯೋನಿ ಅಥವಾ ಗರ್ಭಕೋಶ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸುವು ಮಲಗಿದಾಗ ಕಾಣಿಸಿಕೊಂಡು ಎದ್ದಾಗ ಒಳಹೋಗುವುದು ಸಾಮಾನ್ಯವಾಗಿ ಯೋನಿಯ ಭಾಗ. ಕರು ಹಾಕಿದ ಕೆಲವು ಗಂಟೆಗಳಲ್ಲಿ ದೊಡ್ಡ ಚೀಲದಂತೆ ಮೊಣಕಾಲಿನವರೆಗೆ ಜೋಲುತ್ತ, ಮೈಮೇಲೆ ಗುಂಡಿಗಳಂತಹ ಗಂಟುಗಳನ್ನು ಹೊಂದಿರುವುದು ಗರ್ಭಕೋಶ. ಈ ಕೊನೆಯದು ಎಲ್ಲಕ್ಕಿಂತಲೂ ಅಪಾಯಕರ. ಹಸುವನ್ನು ನಡೆಸದೆ, ಗರ್ಭಕೋಶವನ್ನು ಒದ್ದೆಬಟ್ಟೆಯ ಮೇಲೆ ಎತ್ತಿ ಹಿಡಿದು, ಒಂದು ನಿಮಿಷವನ್ನೂ ಕಳೆಯದೆ ವೈದ್ಯರನ್ನು ಕರೆಯತಕ್ಕದ್ದು. ಫೋನಿನಲ್ಲಿ ಮಾತನಾಡುವಾಗ ಯಾವ ದ್ವಾರವೆಂದು ಸ್ಪಷ್ಟವಾಗಿ ತಿಳಿಸಿದರೆ ವೈದ್ಯರು ತಕ್ಕ ಸಲಕರಣೆಗಳೊಡನೆ ಬರುವರು.

5. ಕಾರಣಗಳು

ಗುದನಾಳವು ತಾನಾಗಿ ಬೀಳುವುದಿಲ್ಲ. ಅದನ್ನು ಹೊರಕ್ಕೆ ತಳ್ಳುವುದು ತಿಣುಕುವಿಕೆ. ತಿಣುಕುವುದಕ್ಕೆ ಕಾರಣವಾದ ಮೂಲರೋಗವನ್ನು ಹುಡುಕದೆ ಹೊಲಿಗೆ ಹಾಕಿಸಿದರೆ, ಕೋಡಿ ಬಿದ್ದ ಕೆರೆಗೆ ಹುಲ್ಲಿನ ಕಟ್ಟೆ ಹಾಕಿದಂತಾಗುತ್ತದೆ. ಮುಖ್ಯ ಕಾರಣಗಳು ಇವು:

(ಅ) ಕರುಗಳ ರಕ್ತಭೇದಿ. ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಜೀವಿಯು ಕರುಳಿನ ಒಳಪೊರೆಯನ್ನು ಕೆಡಿಸುವುದರಿಂದ ಇದು ಬರುತ್ತದೆ. ಒಂದು ವರ್ಷದೊಳಗಿನ ಕರುಗಳಲ್ಲಿ, ಒದ್ದೆಯಾದ, ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ ಹೆಚ್ಚು.

(ಆ) ಜಂತುಹುಳುಗಳಿಂದಲೂ ಇತರ ಸೋಂಕುಗಳಿಂದಲೂ ಬರುವ ಬಹುದಿನದ ಭೇದಿ.

(ಇ) ಆಹಾರದ ದೋಷ. ಹೋಟೆಲು, ಕಾರ್ಖಾನೆ, ಕಛೇರಿಗಳ ಊಟದ ಮನೆಗಳಿಂದ ತಂದ ಮಿಕ್ಕ ಅನ್ನವನ್ನು ಕುಕ್ಕೆಗಟ್ಟಲೆ ಸುರಿಯುವ ಪದ್ಧತಿಯು ನಮ್ಮ ಈ ಭಾಗದಲ್ಲಿ ಬಹಳವಾಗಿದೆ. ಅನ್ನವು ಹೊಟ್ಟೆಯಲ್ಲಿ ಬೇಗನೆ ಹುಳಿತು ಆಮ್ಲವುಂಟಾಗಿ, ರಾಸುವು ಮೇವು ಬಿಟ್ಟು ಭೇದಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ನೀರಿಲ್ಲದೆ ಒಣಹುಲ್ಲನ್ನೇ ಮೇಯಿಸಿದರೆ ಮಲಬದ್ಧತೆಯಾಗಿ ತಿಣುಕುತ್ತದೆ.

(ಈ) ಕಷ್ಟವಾದ ಹೆರಿಗೆ, ಮೂತ್ರದ ದಾರಿಯಲ್ಲಿ ಕಲ್ಲು, ಬಹುದಿನದ ಕೆಮ್ಮು. ಇವುಗಳಿಂದ ಹೊಟ್ಟೆಯ ಒತ್ತಡವು ಹೆಚ್ಚುತ್ತದೆ.

(ಉ) ಬೂಸಲು ಹಿಡಿದ ಮುಸುಕಿನ ಜೋಳ. ಅದರಲ್ಲಿ ಬೆಳೆಯುವ ಒಂದು ಜಾತಿಯ ಬೂಸಲಿನ ವಿಷವು ವಿಶೇಷವಾಗಿ ಹೆಣ್ಣುಹಂದಿಗಳಲ್ಲಿ ಯೋನಿಯನ್ನು ಊದಿಸಿ, ಯೋನಿಯೂ ಗುದನಾಳವೂ ಹೊರಬೀಳುವಂತೆ ಮಾಡುತ್ತದೆ.

(ಊ) ಹುಚ್ಚುನಾಯಿಯ ರೋಗ. ಇದನ್ನು ಕೊನೆಗೆ ಹೇಳಿದ್ದರೂ ಮೊದಲು ನೆನೆಯತಕ್ಕದ್ದು. ಹುಚ್ಚುನಾಯಿ ಕಚ್ಚಿದ ರಾಸುಗಳು ಕೆಲವು ವೇಳೆ ಬೇರಾವ ಕಾರಣವೂ ಇಲ್ಲದೆ ಸತತವಾಗಿ ತಿಣುಕುತ್ತವೆ. ಜೊಲ್ಲು ಸುರಿಸುವುದು, ಗಂಟಲು ಒಡೆದಂತೆ ಅರಚುವುದು, ನೀರು ನುಂಗಲಾರದಿರುವುದು, ಹಿಂಗಾಲು ತೂರಾಡುವುದು, ಮೈಮೇಲೆ ಬರುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಬಾಯಿಗಾಗಲಿ ಗುದಕ್ಕಾಗಲಿ ಬರಿಗೈಯನ್ನು ಹಾಕಕೂಡದು. ಇಂತಹ ರಾಸುವಿನ ಜೊಲ್ಲು ಕೈಗೆ ತಗಲಿದ್ದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷಗಳ ಕಾಲ ತೊಳೆದು, ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಚಾರವನ್ನು ಕೇಳತಕ್ಕದ್ದು.

6. ವೈದ್ಯರು ಬರುವವರೆಗೆ ಮಾಡತಕ್ಕ ಕೆಲಸಗಳು

ಮೊದಲನೆಯದಾಗಿ, ರಾಸುವನ್ನು ಇತರ ರಾಸುಗಳಿಂದ ಬೇರ್ಪಡಿಸಿ, ಮುಂಗಾಲು ತಗ್ಗಿನಲ್ಲಿಯೂ ಹಿಂಗಾಲು ಎತ್ತರದಲ್ಲಿಯೂ ಇರುವಂತೆ ಕಟ್ಟತಕ್ಕದ್ದು. ಹೀಗೆ ಮಾಡಿದರೆ ಹೊಟ್ಟೆಯ ಭಾರವು ಮುಂದಕ್ಕೆ ಸರಿದು ತಿಣುಕುವುದು ಸ್ವಲ್ಪ ತಗ್ಗುತ್ತದೆ.

ಎರಡನೆಯದಾಗಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸುಮಾರು 9 ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ, ಕೈಚೀಲ ಹಾಕಿಕೊಂಡು, ಹೊರಬಂದ ಭಾಗದ ಮೇಲೆ ಆ ನೀರನ್ನು ಮೆಲ್ಲಗೆ ಸುರಿದು ಸಗಣಿ, ಹುಲ್ಲು, ಮಣ್ಣುಗಳನ್ನು ಕಳೆಯತಕ್ಕದ್ದು. ಉಜ್ಜಕೂಡದು.

ಮೂರನೆಯದಾಗಿ, ಒಗೆದ ಹತ್ತಿಯ ಬಟ್ಟೆಯನ್ನು ಅದೇ ಉಪ್ಪುನೀರಿನಲ್ಲಿ ಅದ್ದಿ ಸಡಿಲವಾಗಿ ಹೊದಿಸಿ, ಆಗಾಗ್ಗೆ ನೀರು ಚಿಮುಕಿಸುತ್ತಿರತಕ್ಕದ್ದು. ಒಣಗಿದ ಪೊರೆಯು ಬಿರಿಯುತ್ತದೆ, ಬಿರಿದ ಪೊರೆಯು ಸಾಯುತ್ತದೆ. ಈ ಒಂದು ಕೆಲಸವನ್ನು ಮಾತ್ರ ಮಾಡಿದರೂ ಪ್ರಾಣಿಯು ಉಳಿಯುವ ಸಂಭವವು ಬಹಳ ಹೆಚ್ಚುತ್ತದೆ.

ನಾಲ್ಕನೆಯದಾಗಿ, ಬಾಲವನ್ನು ಪಕ್ಕಕ್ಕೆ ಕಟ್ಟಿ, ನಾಯಿ, ಕಾಗೆ, ನೊಣಗಳು ಹತ್ತಿರ ಬಾರದಂತೆ ಒಬ್ಬರನ್ನು ಕಾವಲಿಗಿಡತಕ್ಕದ್ದು. ಹಿಂಡಿ, ಬೂಸಾ, ಒಣಮೇವುಗಳನ್ನು ನಿಲ್ಲಿಸಿ ಕುಡಿಯುವ ನೀರನ್ನು ಮಾತ್ರ ಕೊಡತಕ್ಕದ್ದು.

ಸಣ್ಣ ಕರುವಿನಲ್ಲಿ ಒಳಪೊರೆಯ ಕೆಂಪು ಉಂಗುರವು ಮಾತ್ರ ಈಗತಾನೆ ಕಾಣಿಸಿಕೊಂಡಿದ್ದು, ಮೇಲೆ ಹೇಳಿದ ಹುಚ್ಚಿನ ಚಿಹ್ನೆಗಳೊಂದೂ ಇಲ್ಲದಿದ್ದರೆ, ವೈದ್ಯರನ್ನು ಫೋನಿನಲ್ಲಿ ಕೇಳಿ, ಒದ್ದೆಬಟ್ಟೆಯನ್ನು ಅಂಗೈಯಲ್ಲಿಟ್ಟು ಮೃದುವಾಗಿ ಒತ್ತಿ ಒಳಕ್ಕೆ ಸೇರಿಸಬಹುದು. ಸುಲಭವಾಗಿ ಹೋಗದಿದ್ದರೆ ಬಲವನ್ನು ಪ್ರಯೋಗಿಸಕೂಡದು. ಒಳಕ್ಕೆ ಹೋದರೂ ವೈದ್ಯರಿಗೆ ತೋರಿಸದೆ ಬಿಡಕೂಡದು.

7. ಮಾಡಬಾರದ ಕೆಲಸಗಳು

ಬೂದಿ, ಸುಣ್ಣ, ಸೀಮೆಎಣ್ಣೆ, ಖಾರದ ಪದಾರ್ಥ, ಬಟ್ಟೆ ಒಗೆಯುವ ಪುಡಿ ಇವುಗಳನ್ನು ಹಚ್ಚಕೂಡದು. ಕಾದ ಕಬ್ಬಿಣದಿಂದ ಬರೆ ಹಾಕಕೂಡದು. ಬುಡಕ್ಕೆ ದಾರವನ್ನು ಬಿಗಿದು ಕಟ್ಟಿ, ತಾನಾಗಿ ಬಿದ್ದುಹೋಗಲೆಂದು ಬಿಡಕೂಡದು. ಗೆಡ್ಡೆಯೆಂದು ಭ್ರಮಿಸಿ ಕುಡುಗೋಲಿನಿಂದಾಗಲಿ ಬ್ಲೇಡಿನಿಂದಾಗಲಿ ಕತ್ತರಿಸಕೂಡದು. ಅದು ಗೆಡ್ಡೆಯಲ್ಲ, ಜೀವವಿರುವ ಕರುಳು. ಅದರ ಮಡಿಕೆಯೊಳಗೆ ಹೊಟ್ಟೆಯೊಳಗಿನ ಇತರ ಭಾಗಗಳೂ ಸೇರಿಕೊಂಡಿರಬಹುದು. ರಾಸುಗಳಿಗೆ ವೈದ್ಯ ಮಾಡುವವರು ನೋಂದಣಿಯಾದ ಪಶುವೈದ್ಯರಾಗಿರಬೇಕೆಂದು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯು ವಿಧಿಸಿರುವುದು ಇಂತಹ ಅನಾಹುತಗಳನ್ನು ತಪ್ಪಿಸುವುದಕ್ಕಾಗಿಯೇ.

8. ಶಸ್ತ್ರಚಿಕಿತ್ಸೆಯ ಕ್ರಮ

ಪರೀಕ್ಷೆ. ವೈದ್ಯರು ಮೊದಲು ಜ್ವರ, ಉಸಿರು, ನೀರಿನಂಶ ಇವುಗಳನ್ನು ನೋಡಿ, ಹೊರಬಂದ ಭಾಗದ ಬಣ್ಣವನ್ನೂ ಬಿಸುಪನ್ನೂ ಪರೀಕ್ಷಿಸುತ್ತಾರೆ. ಬಳಿಕ ಗುದದ ಅಂಚಿಗೂ ಹೊರಬಂದ ಉರುಳೆಗೂ ನಡುವೆ ಬೆರಳನ್ನು ತೂರಿಸಿ ನೋಡುತ್ತಾರೆ. ಬೆರಳು ಅಲ್ಲಿಯೇ ತಡೆದು ನಿಂತರೆ ಗುದನಾಳವು ಮಾತ್ರ ಬಿದ್ದಿದೆಯೆಂದು ಅರ್ಥ. ಬೆರಳು ಒಳಕ್ಕೆ ಆಳವಾಗಿ ಹೋದರೆ ಮೇಲಿನ ಕರುಳೇ ಒಂದರೊಳಗೊಂದು ಸೇರಿಕೊಂಡು ಹೊರಬಂದಿದೆಯೆಂದು ಅರ್ಥ. ಈ ಎರಡನೆಯದು ಬಹಳ ಕಠಿಣವಾದುದು. ಅದಕ್ಕೆ ಹೊಟ್ಟೆಯನ್ನು ತೆರೆದು ಚಿಕಿತ್ಸೆ ಮಾಡಬೇಕಾಗಬಹುದು.

ಅರಿವಳಿಕೆ. ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದಾಗ ಅದರ ಬುಡದಲ್ಲಿ ಮೊದಲು ಮಣಿಯುವ ಕೀಲು ಕೈಗೆ ಸಿಕ್ಕುತ್ತದೆ. ಅಲ್ಲಿ ಕೂದಲನ್ನು ತೆಗೆದು ಶುದ್ಧಿ ಮಾಡಿ ಲಿಗ್ನೊಕೇನ್ ಎಂಬ ಔಷಧವನ್ನು ಸೂಜಿಯಿಂದ ಕೊಡುತ್ತಾರೆ. ದೊಡ್ಡ ಹಸುವಿಗೆ ಸುಮಾರು 5 ಮಿಲಿಲೀಟರು ಸಾಕಾಗುತ್ತದೆ. ಕೆಲವು ನಿಮಿಷಗಳಲ್ಲಿ ಬಾಲವು ಜೋತುಬಿದ್ದು ಹಿಂಭಾಗದ ನೋವು ನಿಲ್ಲುತ್ತದೆ, ತಿಣುಕುವುದೂ ನಿಲ್ಲುತ್ತದೆ. ಹಸುವಿಗೆ ಎಚ್ಚರ ತಪ್ಪುವುದಿಲ್ಲ, ನೆಲಕ್ಕೆ ಕೆಡವಬೇಕಾಗಿಯೂ ಇಲ್ಲ. ಅದು ನಿಂತಿರುವಂತೆಯೇ ಕೆಲಸವು ಮುಗಿಯುತ್ತದೆ. ಆದ್ದರಿಂದ ಹಸುವು ಹಿಂಸೆ ಪಡುವುದೆಂಬ ಭಯಕ್ಕೆ ಕಾರಣವಿಲ್ಲ.

ಒಳಕ್ಕೆ ಸೇರಿಸುವುದು. ತಣ್ಣನೆಯ ಉಪ್ಪುನೀರಿನಿಂದ ತೊಳೆದ ಮೇಲೂ ಊತವು ಹೆಚ್ಚಾಗಿದ್ದರೆ ನುಣ್ಣನೆಯ ಸಕ್ಕರೆಯನ್ನು ಉದುರಿಸುವುದುಂಟು. ಉಪ್ಪು ಸವರಿದ ಮಾವಿನಕಾಯಿಯ ಹೋಳು ನೀರು ಬಿಡುವಂತೆ, ಊದಿದ ಪೊರೆಯೊಳಗಿನ ನೀರನ್ನು ಸಕ್ಕರೆಯು ಹೊರಕ್ಕೆಳೆದು ಊತವನ್ನು ತಗ್ಗಿಸುತ್ತದೆ. ಬಳಿಕ ಜಾರುವ ಔಷಧವನ್ನು ಸವರಿ, ಬೆರಳ ತುದಿಯಿಂದಲ್ಲದೆ ಅಂಗೈಯಿಂದ ಒತ್ತಿ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಸೇರಿಸುತ್ತಾರೆ.

ಸಂಚಿಯ ಹೊಲಿಗೆ. ಒಳಕ್ಕೆ ಹೋದುದು ಮರಳಿ ಬಾರದಂತೆ ಗುದದ ಸುತ್ತಲಿನ ಚರ್ಮದಲ್ಲಿ ದಾರವನ್ನು ಸುತ್ತುಬರುವಂತೆ ಪೋಣಿಸಿ, ಎಲೆಅಡಿಕೆಯ ಸಂಚಿಯ ಬಾಯನ್ನು ಲಾಡಿಯೆಳೆದು ಕಿರಿದುಮಾಡುವಂತೆ ಬಿಗಿಯುತ್ತಾರೆ. ಪೂರ್ಣವಾಗಿ ಮುಚ್ಚುವುದಿಲ್ಲ. ದೊಡ್ಡ ರಾಸುವಿನಲ್ಲಿ ಎರಡು ಮೂರು ಬೆರಳು ಹೋಗುವಷ್ಟು, ಸಣ್ಣ ಹಂದಿಯಲ್ಲಿ ಒಂದು ಬೆರಳಿನಷ್ಟು ದಾರಿಯನ್ನು ಸಗಣಿಗಾಗಿ ಬಿಡುತ್ತಾರೆ. ತಿಣುಕುವುದು ನಿಂತ ಮೇಲೆ, ಸಾಮಾನ್ಯವಾಗಿ ಒಂದು ವಾರದೊಳಗೆ, ವೈದ್ಯರು ಹೇಳಿದ ದಿನದಲ್ಲಿ ಹೊಲಿಗೆಯನ್ನು ತೆಗೆಸತಕ್ಕದ್ದು. ಬೇಗನೆ ಕಂಡ ಪ್ರಾಣಿಗಳಲ್ಲಿ ಇಷ್ಟೇ ಚಿಕಿತ್ಸೆ. ಇಲ್ಲಿ ಕತ್ತಿಗೆ ಕೆಲಸವೇ ಇಲ್ಲ.

ಸತ್ತ ಪೊರೆಯನ್ನು ತೆಗೆಯುವುದು. ಒಳಪೊರೆಯು ಮಾತ್ರ ಕೊಳೆತಿದ್ದು ಕೆಳಗಿನ ಮಾಂಸದ ಪದರವು ಜೀವದಿಂದಿದ್ದರೆ, ಕೊಳೆತ ಪೊರೆಯನ್ನು ಉಂಗುರದಂತೆ ಸುತ್ತಲೂ ಬಿಡಿಸಿ ತೆಗೆದು, ಎರಡು ಬದಿಯ ಒಳ್ಳೆಯ ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಮಾಂಸದ ಪದರವೂ ದೊಡ್ಡ ರಕ್ತನಾಳಗಳೂ ಉಳಿಯುವುದರಿಂದ ಇದು ಸುರಕ್ಷಿತವಾದ ವಿಧಾನ.

ನಾಳವನ್ನೇ ಕತ್ತರಿಸುವುದು. ಇಡೀ ನಾಳವು ಕಪ್ಪಾಗಿದ್ದರೆ ಅಥವಾ ಆಳವಾಗಿ ಹರಿದಿದ್ದರೆ ಮಾತ್ರ ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸುತ್ತಾರೆ. ಇದರಲ್ಲಿ ಹೊಲಿಗೆಯು ಬಿಟ್ಟು ನಂಜು ಹೊಟ್ಟೆಗೆ ಇಳಿಯುವ ಅಪಾಯವೂ, ಮಾಯುವಾಗ ದಾರಿಯು ಕಿರಿದಾಗಿ ಸಗಣಿಯು ಕಟ್ಟುವ ಅಪಾಯವೂ ಉಂಟು. ಮೊದಲನೆಯ ವೃತ್ತಾಂತದ ಕರುವಿಗೆ ಒದಗಿದುದು ಇದೇ ಸ್ಥಿತಿ.

ಉಂಗುರದ ವಿಧಾನ. ಹಂದಿ ಮತ್ತು ಕುರಿಗಳಲ್ಲಿ ಕೆಲವು ವೇಳೆ ನಾಳದೊಳಗೆ ಒಂದು ಕೊಳವೆಯನ್ನು ಇರಿಸಿ, ಸತ್ತ ಭಾಗವನ್ನು ಹೊರಗಿನಿಂದ ಕೊಳವೆಯ ಮೇಲೆ ಬಿಗಿದು ಕಟ್ಟುತ್ತಾರೆ. ಆ ಭಾಗವು ಕೆಲವು ದಿನಗಳಲ್ಲಿ ಕೊಳವೆಯೊಡನೆ ಉದುರಿಹೋಗುತ್ತದೆ. ಅಷ್ಟು ದಿನವೂ ಕೊಳವೆಯ ಮೂಲಕ ಸಗಣಿಗೆ ದಾರಿಯಿರುತ್ತದೆ. ರೈತರು ಬರಿಯ ದಾರವನ್ನು ಕಟ್ಟುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವು ಈ ದಾರಿಯೇ. ದಾರಿ ಮುಚ್ಚಿದರೆ ಪ್ರಾಣಿಯು ಸಾಯುತ್ತದೆ.

ಮೇಲಿನ ವಿಧಾನಗಳನ್ನು ಒಂದರ ಕೆಳಗೊಂದು ಓದಿದವರಿಗೆ ಒಂದು ಸಂಗತಿಯು ತಾನಾಗಿ ಹೊಳೆಯುವುದು. ಮೊದಲ ಗಂಟೆಗಳಲ್ಲಿ ಕರೆದವರಿಗೆ ಹೊಲಿಗೆ, ಮರುದಿನ ಕರೆದವರಿಗೆ ಕತ್ತಿ, ಅದಕ್ಕೂ ತಡಮಾಡಿದವರಿಗೆ ಗುಣಿ. ಯಾವ ಚಿಕಿತ್ಸೆಯಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವವರು ವೈದ್ಯರಲ್ಲ, ರಾಸುವಿನ ಯಜಮಾನರೇ.

9. ಚಿಕಿತ್ಸೆಯಾದ ಮೇಲೆ

ಸಗಣಿಯು ಮೆತ್ತಗಿರುವಂತೆ ಹಸಿಮೇವನ್ನೂ ಬೇಕಾದಷ್ಟು ನೀರನ್ನೂ ಕೊಡತಕ್ಕದ್ದು. ಒಣ ರಾಗಿಹುಲ್ಲು, ಹಿಂಡಿಗಳನ್ನು ವೈದ್ಯರು ಹೇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಆರಂಭಿಸತಕ್ಕದ್ದು. ಭೇದಿಗೆ, ಜಂತುಹುಳುವಿಗೆ, ಕೆಮ್ಮಿಗೆ, ಯಾವುದು ಮೂಲವೋ ಅದಕ್ಕೆ ಬರೆದುಕೊಟ್ಟ ಔಷಧವನ್ನು ಪೂರ್ತಿಯಾಗಿ ಕೊಡತಕ್ಕದ್ದು. ಹೊಲಿಗೆಯ ಜಾಗವನ್ನು ದಿನಕ್ಕೆ ಎರಡಾವರ್ತಿ ತೊಳೆದು ನೊಣ ಕೂರದಂತೆ ಔಷಧ ಸವರತಕ್ಕದ್ದು.

ಒಂದು ದಿನ ಪೂರ್ತಿ ಸಗಣಿ ಬಾರದಿರುವುದು, ಮತ್ತೆ ತಿಣುಕುವುದು, ಹೊಟ್ಟೆಯುಬ್ಬರ, ಜ್ವರ, ಮೇವು ಬಿಡುವುದು, ಹೊಲಿಗೆಯು ಚರ್ಮವನ್ನು ಕೊಯ್ಯುವುದು ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು.

ಹಾಲಿನ ವಿಷಯದಲ್ಲಿ ಒಂದು ಮಾತು. ನಂಜುನಿವಾರಕ ಔಷಧಗಳ ಅಂಶವು ಕೆಲವು ದಿನ ಹಾಲಿನಲ್ಲಿ ಬರುತ್ತದೆ. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೂ ಹಾಕಕೂಡದು, ಮನೆಯ ಮಕ್ಕಳಿಗೂ ಕೊಡಕೂಡದು. ಹಾಲನ್ನು ಕುಡಿಯುವವರು ನಮ್ಮನ್ನು ನಂಬಿಯೇ ಕುಡಿಯುತ್ತಾರೆಂಬುದನ್ನು ಮರೆಯಲಾಗದು.

10. ರೈತರು ಕೇಳುವ ಕೆಲವು ಸಂದೇಹಗಳು

ಹೊಲಿಗೆ ಹಾಕಿದರೆ ಹಸುವು ಮುಂದೆ ಗಬ್ಬವಾಗುವುದೇ? ಗುದನಾಳಕ್ಕೂ ಗರ್ಭಕೋಶಕ್ಕೂ ದಾರಿಗಳು ಬೇರೆ. ಗುದನಾಳದ ಹೊಲಿಗೆಯು ಗರ್ಭಕ್ಕೆ ಅಡ್ಡಿಯಲ್ಲ.

ಒಂದು ಸಲ ಬಿದ್ದುದು ಮತ್ತೆ ಬೀಳುವುದೇ? ಮೂಲರೋಗವು ವಾಸಿಯಾದರೆ ಸಾಮಾನ್ಯವಾಗಿ ಬೀಳುವುದಿಲ್ಲ. ಭೇದಿಯು ಹಾಗೆಯೇ ಉಳಿದರೆ ಹೊಲಿಗೆಯನ್ನು ಹರಿದುಕೊಂಡು ಬೀಳುವುದುಂಟು.

ಇದು ಒಂದರಿಂದ ಇನ್ನೊಂದಕ್ಕೆ ಅಂಟುವುದೇ? ಹೊರಬೀಳುವುದು ಅಂಟುವುದಿಲ್ಲ. ಆದರೆ ಅದಕ್ಕೆ ಕಾರಣವಾದ ರಕ್ತಭೇದಿಯು ಅಂಟುತ್ತದೆ. ಒಂದು ಕರುವಿಗೆ ಬಂದ ಕೂಡಲೇ ಉಳಿದ ಕರುಗಳ ಸಗಣಿಯನ್ನೂ ಪರೀಕ್ಷೆ ಮಾಡಿಸತಕ್ಕದ್ದು.

11. ಬಾರದಂತೆ ತಡೆಯುವ ಉಪಾಯಗಳು

ಕರುಗಳನ್ನು ದೊಡ್ಡ ರಾಸುಗಳಿಂದ ಬೇರೆಯಾಗಿ, ಒಣಗಿದ ನೆಲದಲ್ಲಿ, ಇಕ್ಕಟ್ಟಿಲ್ಲದಂತೆ ಕಟ್ಟತಕ್ಕದ್ದು. ಹುಟ್ಟಿದ ಕರುವಿಗೆ ಮೊದಲ ಗಂಟೆಗಳಲ್ಲಿಯೇ ಗಿಣ್ಣುಹಾಲನ್ನು ಕುಡಿಸತಕ್ಕದ್ದು. ಮೇವನ್ನೂ ನೀರನ್ನೂ ನೆಲದ ಮೇಲಿಡದೆ, ಸಗಣಿ ಬೀಳದ ಎತ್ತರದಲ್ಲಿಡತಕ್ಕದ್ದು. ಜಂತುಹುಳುವಿನ ಔಷಧವನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಕೊಡತಕ್ಕದ್ದು.

ಮಿಕ್ಕ ಅನ್ನವನ್ನು ರಾಸುವಿನ ಹೊಟ್ಟೆ ತುಂಬಿಸುವ ಆಹಾರವೆಂದು ಎಣಿಸಕೂಡದು. ರಾಗಿಹುಲ್ಲು, ಹಸಿಮೇವುಗಳೇ ಆಹಾರದ ಬುನಾದಿಯಾಗಿರಬೇಕು. ಬೂಸಲು ಹಿಡಿದ ಜೋಳ, ಹಿಂಡಿಗಳನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ತರಕೂಡದು. ಕೊಟ್ಟಿಗೆಯ ನೆಲವು ಗಂಜಲ ಹರಿಯುವಷ್ಟು ಮಾತ್ರ ಇಳಿಜಾರಾಗಿದ್ದರೆ ಸಾಕು. ಹಿಂದಕ್ಕೆ ಅತಿಯಾಗಿ ಇಳಿಜಾರಾದರೆ ಗಬ್ಬದ ಹಸುಗಳಲ್ಲಿ ಯೋನಿಯು ಹೊರಬೀಳುವುದಕ್ಕೆ ಸಹಾಯವಾಗುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಹಗ್ಗ ಬಿಚ್ಚಿ ಅಡ್ಡಾಡಿಸತಕ್ಕದ್ದು.

12. ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಇಂತಹ ವಿಪತ್ತು ರಾತ್ರಿಯೆಂದೂ ಹಬ್ಬವೆಂದೂ ನೋಡಿ ಬರುವುದಿಲ್ಲ. ಆದ್ದರಿಂದ ಪ್ರತಿಯೊಂದು ಗ್ರಾಮದಲ್ಲಿಯೂ ಪಂಚಾಯತಿಯ ಸದಸ್ಯರೂ ಹಾಲಿನ ಸಂಘದ ಅಧ್ಯಕ್ಷರೂ ಕೂಡಿ ಮೂರು ಏರ್ಪಾಡುಗಳನ್ನು ಮಾಡಬಹುದಾಗಿದೆ. ಮೊದಲನೆಯದು, ಹತ್ತಿರದ ಪಶು ಆಸ್ಪತ್ರೆಯ ಸಂಖ್ಯೆಯನ್ನೂ, ಸಂಚಾರಿ ಪಶುಚಿಕಿತ್ಸೆಯ 1962 ಎಂಬ ಸಂಖ್ಯೆಯನ್ನೂ ಹಾಲಿನ ಸಂಘದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವುದು. ಎರಡನೆಯದು, ರಾಸುವನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟೊಂದನ್ನು ನೆರಳು, ನೀರು, ದೀಪಗಳಿರುವ ಕಡೆ ನೆಡಿಸುವುದು. ಮೂರನೆಯದು, ಕೈಚೀಲ, ಒಗೆದ ಹತ್ತಿಬಟ್ಟೆ, ಉಪ್ಪು, ಸಾಬೂನು, ಹಗ್ಗ, ಬ್ಯಾಟರಿ ದೀಪಗಳಿರುವ ಒಂದು ಪೆಟ್ಟಿಗೆಯನ್ನು ಸಂಘದಲ್ಲಿ ಇರಿಸುವುದು. ಇವುಗಳಿಗೆ ತಗಲುವ ಖರ್ಚು ಒಂದು ಹಸುವಿನ ಬೆಲೆಯ ಮುಂದೆ ಅಲ್ಪವಾದುದು.

ರೋಗದ ಮುಂದೆ ರೈತನು ನಿರುಪಾಯನಲ್ಲವೆಂಬುದಕ್ಕೆ ನಮ್ಮ ಹೆಬ್ಬಾಳವೇ ಸಾಕ್ಷಿಯಾಗಿದೆ. ಹಿಂದಿನ ಕಾಲದಲ್ಲಿ ದೊಡ್ಡರೋಗವು ಬಂದರೆ ಊರಿಗೆ ಊರೇ ಕೊಟ್ಟಿಗೆ ಬರಿದಾಗುತ್ತಿದ್ದಿತು. ಅದನ್ನು ಎದುರಿಸುವ ಸೀರಮ್ಮನ್ನು ತಯಾರಿಸುವುದಕ್ಕಾಗಿ 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಮ್ ಸಂಸ್ಥೆಯು ಸ್ಥಾಪಿತವಾಯಿತು. 1958ರಲ್ಲಿ ಅಲ್ಲಿಯೇ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. 2011ರಲ್ಲಿ ಆ ದೊಡ್ಡರೋಗವು ಭೂಮಂಡಲದಿಂದಲೇ ತೊಲಗಿತೆಂದು ಪ್ರಕಟವಾಯಿತು. ಅಷ್ಟು ದೊಡ್ಡ ಮಾರಿಯನ್ನು ಸೂಜಿಯಿಂದ ಗೆದ್ದ ನಾಡಿನಲ್ಲಿ, ಒಂದು ಒದ್ದೆಬಟ್ಟೆಯೂ ಒಂದು ಹೊಲಿಗೆಯೂ ಸಕಾಲದಲ್ಲಿ ದೊರೆಯದೆ ಕರುಗಳು ಸಾಯುವುದು ನಮಗೆ ಶೋಭಿಸುವುದಿಲ್ಲ.

ಈ ಕರಪತ್ರವನ್ನು ಓದಿದವರು, ಓದಲಾರದವರಿಗೆ ಹಾಲಿನ ಸಂಘದ ಬಳಿಯಲ್ಲಿ ಓದಿ ಹೇಳಬೇಕೆಂದು ಕೋರಲಾಗಿದೆ. ಎಲ್ಲವೂ ನೆನಪಿನಲ್ಲಿ ಉಳಿಯದಿದ್ದರೆ ಇಷ್ಟು ಉಳಿದರೆ ಸಾಕು: ಒದ್ದೆಯಾಗಿಡಿರಿ, ಶುದ್ಧವಾಗಿಡಿರಿ, ಕಾವಲಿಡಿರಿ, ಅದೇ ಗಳಿಗೆಯಲ್ಲಿ ವೈದ್ಯರನ್ನು ಕರೆಯಿರಿ. ಕತ್ತಲಾಯಿತೆಂದು ಬೆಳಗಿನವರೆಗೆ ಕಾಯಬೇಡಿರಿ.